ಸೇರ್ತ್ ವೃತ್ತಾಂತ: ಓದಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೇರ್ತ್ ವೃತ್ತಾಂತ ಅಂದರೆ ಯಾವ ಪುಸ್ತಕ?

ಪರ್ಷಿಯಾದ ಸಾಸಾನಿ ಅರಸರ ಕೈಕೆಳಗೆ ಬದುಕಿದ ಕ್ರೈಸ್ತರ ಚರಿತ್ರೆ. ಭಾಷೆ ಅರಬ್ಬಿ, ಕರ್ತೃವಿನ ಹೆಸರಿಲ್ಲ. ಕೈಗೆ ಸಿಕ್ಕಿರುವ ಭಾಗ ಕ್ರಿ.ಶ. 251ರ ಆಸುಪಾಸಿನಲ್ಲಿ ಶುರುವಾಗಿ 650ರ ಹೊತ್ತಿಗೆ ನಿಂತುಬಿಡುತ್ತದೆ. ನಡುವೆ 422ರಿಂದ 484ರವರೆಗಿನ ಹಾಳೆಗಳೇ ಇಲ್ಲ. ತಲೆಯೂ ಹೋಗಿದೆ, ಬಾಲವೂ ಹೋಗಿದೆ, ಸೊಂಟವೂ ಮುರಿದಿದೆ ಅನ್ನಿ. ಆದರೂ ಇರಾಕ್ ಮತ್ತು ಪರ್ಷಿಯಾದ ಆ ಕಾಲದ ಕ್ರೈಸ್ತರ ಬಗ್ಗೆ ಬರೆಯಲು ಕೂತವರು ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇದು ಆಧಾರವಾಗಿಟ್ಟುಕೊಂಡ ಸಿರಿಯಾಕ್ (ಆ ಕ್ರೈಸ್ತರ ಬರಹದ ಭಾಷೆ) ಗ್ರಂಥಗಳಲ್ಲಿ ಹಲವು ಈಗ ಉಳಿದಿಲ್ಲ. ಅವುಗಳ ಸಾರ ಇದರೊಳಗೆ ಮಾತ್ರ ಸಿಗುತ್ತದೆ.

'ವೃತ್ತಾಂತ' ಎಂದೊಡನೆ ವರ್ಷಕ್ಕೊಂದು ಸಾಲಿನ ದಿನಚರಿಯನ್ನು ನಿರೀಕ್ಷಿಸಬೇಡಿ. ಇಲ್ಲಿ ಒಬ್ಬೊಬ್ಬ ವ್ಯಕ್ತಿಗೆ ಒಂದೊಂದು ಅಧ್ಯಾಯ: ಒಬ್ಬ ಧರ್ಮಾಧ್ಯಕ್ಷ (ಇಡೀ ಚರ್ಚಿನ ಮುಖ್ಯಸ್ಥ), ಒಬ್ಬ ಅರಸ, ಒಬ್ಬ ಸಂನ್ಯಾಸಿ, ಮತ್ತೊಬ್ಬ ಅರಸ, ಹೀಗೆ. ಕೆಲವು ಅಧ್ಯಾಯ ಹತ್ತು ಸಾಲಿಗೆ ಮುಗಿದರೆ ಕೆಲವು ಪುಟಗಟ್ಟಲೆ ಓಡುತ್ತವೆ.

ಬರೆದವರು ಯಾರು, ಯಾವಾಗ?

ಮೊದಲ ಹಾಳೆಯೂ ಇಲ್ಲ, ಕೊನೆಯ ಹಾಳೆಯೂ ಇಲ್ಲ. ಹಸ್ತಪ್ರತಿಗಳಲ್ಲಿ ಕರ್ತೃವಿನ ಹೆಸರು ಇರುವ ಜಾಗಗಳೇ ಆ ಎರಡು. ಹಾಗಾಗಿ ಊಹೆಗೆ ಬಾಗಿಲು ತೆರೆದಿದೆ. ಫ್ರೆಂಚ್ ವಿದ್ವಾಂಸ ಪಿಯರ್ ನೊಟ್ಯಾ 1974ರಲ್ಲಿ ಇದು 9ನೇ ಶತಮಾನದ ಬಸ್ರಾದ ಈಶೋದೆನಹನ ಕೃತಿ ಎಂದು ವಾದಿಸಿದರು. ಇರಾಕಿನಲ್ಲೇ ದಶಕಗಳ ಕಾಲ ಕೆಲಸ ಮಾಡಿದ ಜಾನ್ ಮೋರಿಸ್ ಫಿಯೇ ಅದನ್ನು ಒಪ್ಪಲಿಲ್ಲ. ಇವತ್ತು ಹೆಚ್ಚಿನವರು 10ನೇ ಅಥವಾ 11ನೇ ಶತಮಾನ ಎನ್ನುತ್ತಾರೆ, ಹೆಸರಿನ ಗೋಜಿಗೆ ಹೋಗುವುದಿಲ್ಲ.

ಕಾಲದ ಕೆಳಮಿತಿಗೆ ಪುಸ್ತಕದೊಳಗೇ ಒಂದು ಗೂಟ ಇದೆ: ಹಿಜರಿ 265ರಲ್ಲಿ ಸಿಕ್ಕಿತೆನ್ನುವ ಒಂದು ದಸ್ತಾವೇಜನ್ನು ಇದು ನಕಲು ಮಾಡಿಕೊಂಡಿದೆ. ಅಂದರೆ ಈಗಿರುವ ರೂಪ ಕ್ರಿ.ಶ. 878ಕ್ಕಿಂತ ಹಿಂದಿನದಾಗಿರಲಾರದು. ಆ ದಸ್ತಾವೇಜಿನ ಕಥೆ ಕೆಳಗೆ ಬರುತ್ತದೆ.

ನಮ್ಮ ಅನಿಸಿಕೆ ಕೇಳುವುದಾದರೆ, 'ಕರ್ತೃ ಯಾರು' ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚು ಬೆಲೆ ಇಲ್ಲ. ಇದು ಒಬ್ಬನ ರಚನೆ ಅಲ್ಲ, ಹಲವರ ಬರಹ ಕೂಡಿಸಿ ಕಟ್ಟಿದ ಸಂಕಲನ. ಕೇಳಬೇಕಾದದ್ದು 'ಈ ಅಧ್ಯಾಯ ಯಾರಿಂದ ಬಂತು' ಎಂದು. ಕೆಲವು ಕಡೆ ಸಂಕಲನಕಾರನೇ ತನ್ನ ಆಕರ ಹೇಳುತ್ತಾನೆ. 7ನೇ ಶತಮಾನದ ದಾನಿಯೇಲ್ ಬರ್ ಮರ್ಯಮ್, ಕರ್ಖಾದ (ಇಂದಿನ ಕಿರ್ಕೂಕ್) ಬರ್ ಸಾಹ್ದೆ ಇಂಥವರ ಹೆಸರು ಬರುತ್ತದೆ. ಇವರ ಮೂಲ ಚರಿತ್ರೆಗಳು ಉಳಿದಿಲ್ಲ. ಕಾನ್‌ಸ್ಟಂಟೈನ್, ಥಿಯೊಡೋಸಿಯಸ್ ಮೊದಲಾದ ರೋಮನ್ ಚಕ್ರವರ್ತಿಗಳ ಅಧ್ಯಾಯಗಳು ಗ್ರೀಕ್ ಚರ್ಚ್ ಚರಿತ್ರೆಗಳಿಂದ ಸಿರಿಯಾಕ್ ಮೂಲಕ ಇಳಿದುಬಂದವು.

ಕ್ರೈಸ್ತರ ಚರಿತ್ರೆ ಅರಬ್ಬಿಯಲ್ಲಿ ಏಕೆ?

ಅರಬ್ಬಿ ಎಂದರೆ ಮುಸ್ಲಿಮರ ಭಾಷೆ ಎಂಬ ನಮ್ಮ ಕಡೆಯ ರೂಢಿಯಿಂದ ಹುಟ್ಟುವ ಪ್ರಶ್ನೆ ಇದು. ಇಸ್ಲಾಮಿಗಿಂತ ಮುಂಚೆಯೇ ಇರಾಕಿನ ಹೀರಾ ಮತ್ತು ದಕ್ಷಿಣ ಅರೇಬಿಯದ ನಜ್ರಾನ್‌ಗಳಲ್ಲಿ ಅರಬ್ಬಿ ಮಾತಾಡುವ ಕ್ರೈಸ್ತರಿದ್ದರು. ಇರಾಕಿನ ಚರ್ಚಿನ ಬರಹದ ಭಾಷೆ ಮಾತ್ರ ಸಿರಿಯಾಕ್. ಅಬ್ಬಾಸಿ ಖಲೀಫರ ಕಾಲದಲ್ಲಿ ಬಾಗ್ದಾದಿನ ಕ್ರೈಸ್ತ ವೈದ್ಯರು, ಗುಮಾಸ್ತರು, ಅನುವಾದಕರು ದಿನವಿಡೀ ಅರಬ್ಬಿಯಲ್ಲೇ ಬರೆಯುತ್ತಿದ್ದರು. ಮನೆಯ ಮುಂದಿನ ಪೀಳಿಗೆಗೆ ಸಿರಿಯಾಕ್ ಪೂಜೆಯ ಭಾಷೆಯಾಗಿ ಉಳಿಯಿತು. ತಮ್ಮವರ ಚರಿತ್ರೆ ತಮ್ಮವರಿಗೇ ತಲುಪಬೇಕಾದರೆ ಅರಬ್ಬಿಯಲ್ಲಿ ಬರೆಯದೆ ಗತಿಯಿರಲಿಲ್ಲ.

ಹಳೆಯ ಭಾಷೆಯ ಗುರುತು ಮಾತ್ರ ಅಳಿಸಿಲ್ಲ. ಧರ್ಮಾಧ್ಯಕ್ಷನಿಗೆ ಇದರಲ್ಲಿ 'ಜಾಥಲೀಕ್' ಎನ್ನುತ್ತಾರೆ, ಅದು ಗ್ರೀಕಿನ 'ಕಥೊಲಿಕೋಸ್' ಅರಬ್ಬಿ ನಾಲಗೆಯಲ್ಲಿ ಹೊರಳಿದ ರೂಪ. ಮಹಾಬಿಷಪ್ಪನಿಗೆ 'ಮತ್ರಾನ್', ಬಿಷಪ್ಪನಿಗೆ 'ಉಸ್ಕುಫ್', ಚರ್ಚಿಗೆ 'ಬೀಅ', ಮಠಕ್ಕೆ 'ದೈರ್'. ಸಂತರ ಹೆಸರಿಗೆ ಮೊದಲು ಬರುವ 'ಮಾರ್' ಸಿರಿಯಾಕಿನದು, 'ನನ್ನೊಡೆಯ' ಎಂದರ್ಥ. ಈ ಆರು ಪದ ಗೊತ್ತಿದ್ದರೆ ಅರ್ಧ ಅಧ್ಯಾಯಗಳ ತಲೆಬರಹ ಬಿಡಿಸಬಹುದು.

'ನೆಸ್ಟೋರಿಯನ್' ಚರಿತ್ರೆ ಎಂದು ಕರೆಯಬಹುದೇ?

ಅಚ್ಚಾದ ಪುಸ್ತಕದ ಮೇಲೆ ಹಾಗೇ ಇದೆ. ಈಗ 'ಪೂರ್ವದ ಚರ್ಚ್' ಎನ್ನುವುದು ವಾಡಿಕೆ. ನೆಸ್ಟೋರಿಯಸ್ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್, 431ರ ಎಫೆಸಸ್ ಸಭೆಯಲ್ಲಿ ಖಂಡನೆಗೊಳಗಾದವನು. ಪೂರ್ವದ ಚರ್ಚಿಗೆ ಅವನು ಸ್ಥಾಪಕನಲ್ಲ. 410ರಲ್ಲೇ ಅದಕ್ಕೆ ತನ್ನದೇ ಧರ್ಮಸಭೆ, ತನ್ನದೇ ಮುಖ್ಯಸ್ಥ ಇದ್ದರು. ಹಳೆಯ ಗ್ರಂಥಸೂಚಿಗಳಲ್ಲಿ ಹುಡುಕುವಾಗ ಮಾತ್ರ 'ನೆಸ್ಟೋರಿಯನ್' ಪದವನ್ನೇ ಹಾಕಿ, ಇಲ್ಲದಿದ್ದರೆ ಸಿಗುವುದಿಲ್ಲ.

ಹಸ್ತಪ್ರತಿ ಎಲ್ಲಿ ಸಿಕ್ಕಿತು? ಈಗ ಎಲ್ಲಿದೆ?

ಸೇರ್ತ್ ಎಂಬುದು ಇಂದಿನ ತುರ್ಕಿಯ ಆಗ್ನೇಯ ಭಾಗದ ಊರು, ತುರ್ಕರು ಸಿಯಿರ್ತ್ ಎನ್ನುತ್ತಾರೆ. 1902ರಿಂದ ಅಲ್ಲಿ ಖಾಲ್ದಿಯನ್ ಕ್ಯಾಥೊಲಿಕ್ (ಪೂರ್ವದ ಚರ್ಚಿನಿಂದ ಬಂದು ರೋಮಿನ ಪೋಪರನ್ನು ಒಪ್ಪಿದ ಶಾಖೆ) ಮಹಾಬಿಷಪ್ಪರಾಗಿದ್ದ ಅದ್ದಾಯ್ ಶೇರ್ (ಜನನ 1867, ಶಕ್ಲಾವ) ತಮ್ಮ ಪೀಠದ ಗ್ರಂಥಾಲಯಕ್ಕೆ 1905ರಲ್ಲಿ ಪಟ್ಟಿ ಮಾಡಿ ಅಚ್ಚು ಹಾಕಿಸಿದರು. ಚರಿತ್ರೆಯ ಎರಡನೆಯ ಭಾಗ ಸೇರ್ತ್‌ನಲ್ಲಿತ್ತು, ಮೊದಲ ಭಾಗ ಮೊಸುಲ್‌ನ ಖಾಲ್ದಿಯನ್ ಪಿತೃಪೀಠದ ಗ್ರಂಥಾಲಯದಲ್ಲಿ. ಎರಡನ್ನೂ ಜೋಡಿಸಿ, ಫ್ರೆಂಚ್ ಅನುವಾದದೊಂದಿಗೆ ಪ್ಯಾರಿಸ್ಸಿನ 'ಪತ್ರೊಲೊಜಿಯಾ ಓರಿಯೆಂಟಾಲಿಸ್' ಮಾಲೆಯಲ್ಲಿ ಅವರು ಪ್ರಕಟಿಸಿದರು.

1915ರ ಜೂನ್‌ನಲ್ಲಿ, ಒಟ್ಟೋಮನ್ ನೆಲದ ಅರ್ಮೇನಿಯನ್ ಮತ್ತು ಸಿರಿಯಾಕ್ ಕ್ರೈಸ್ತರ ನರಮೇಧದಲ್ಲಿ ಶೇರ್ ಕೊಲೆಯಾದರು. ಗ್ರಂಥಾಲಯ ನಾಶವಾಯಿತು. ಪೂರ್ವದ ಚರ್ಚ್ ತನ್ನ ಆಚಾರ್ಯನೆಂದು ಗೌರವಿಸುವ ಮಾಪ್ಸುಯೆಸ್ಟಿಯಾದ ಥಿಯೊಡೋರನ 'ಅವತಾರ'ದ ಕುರಿತ ಗ್ರಂಥದ ಸಿರಿಯಾಕ್ ಅನುವಾದವೂ ಅಲ್ಲಿತ್ತು. ಯಾರೂ ಅಚ್ಚು ಹಾಕುವ ಮೊದಲೇ ಹೋಯಿತು. ನಮ್ಮ ಚರಿತ್ರೆಯ ಎರಡನೆಯ ಭಾಗ ಅದೃಷ್ಟಕ್ಕೆ ಉಳಿದುಕೊಂಡು ಈಗ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ, ಅರಬ್ಬಿ ವಿಭಾಗದ 6653ನೇ ಸಂಖ್ಯೆ. ಅಚ್ಚಿನ ಕೊನೆಯ ಕಂತು ಹೊರಬಂದಾಗ ಸಂಪಾದಕರು ಸತ್ತು ಮೂರು ವರ್ಷದ ಮೇಲಾಗಿತ್ತು.

422–484ರ ನಡುವೆ ಏನು ತಪ್ಪಿಹೋಗಿದೆ?

ಹೋಗಬಾರದ್ದೇ ಹೋಗಿದೆ. ಪೂರ್ವದ ಚರ್ಚ್ ಪಶ್ಚಿಮದ ಬಿಷಪ್ಪರ ಮೇಲ್ಮನವಿ ಅಧಿಕಾರವನ್ನು ತಳ್ಳಿಹಾಕಿದ 424ರ ಸಭೆ, 431ರ ಎಫೆಸಸ್ ಸಭೆ, 451ರ ಖಾಲ್ಸಿಡನ್ ಸಭೆ, ಎರಡನೇ ಯಜ್ದಗಿರ್ದನ ಕಾಲದ ಕಿರ್ಕೂಕ್ ಹತ್ಯೆಗಳು, 484ರಲ್ಲಿ ಧರ್ಮಾಧ್ಯಕ್ಷ ಬಾಬೊವಾಯ್‌ಗೆ ಆದ ಮರಣದಂಡನೆ. ಎಲ್ಲವೂ ಈ ಅರವತ್ತೆರಡು ವರ್ಷದೊಳಗೆ ಬೀಳುತ್ತವೆ.

ತುಂಬಿಕೊಳ್ಳಲು ದಾರಿ ಇಲ್ಲದಿಲ್ಲ. ಧರ್ಮಸಭೆಗಳಿಗೆ ಫ್ರೆಂಚ್ ವಿದ್ವಾಂಸ ಶಾಬೊ 1902ರಲ್ಲಿ ಅಚ್ಚು ಹಾಕಿದ ಪೂರ್ವದ ಚರ್ಚಿನ ಸಭಾನಿರ್ಣಯಗಳ ಸಂಗ್ರಹ ನೋಡಿ. ಧರ್ಮಾಧ್ಯಕ್ಷರ ಜೀವನಕ್ಕೆ 12ನೇ ಶತಮಾನದ ಮಾರಿ ಇಬ್ನ್ ಸುಲೈಮಾನನ 'ಕಿತಾಬ್ ಅಲ್-ಮಜ್ದಲ್'. ಮಾರಿಯದೂ ಅರಬ್ಬಿ, ಅವನಿಗೂ ನಮ್ಮ ಸಂಕಲನಕಾರನಿಗೂ ಹಲವು ಆಕರಗಳು ಒಂದೇ. ಆದರೆ ಒಂದು ಎಚ್ಚರಿಕೆ: ಮಾರಿ ಹೇಳಿದ್ದನ್ನು 'ಸೇರ್ತ್‌ನಲ್ಲೂ ಇದೇ ಇದ್ದಿರಬೇಕು' ಎಂದು ಬರೆದುಬಿಡಬೇಡಿ. ಇಬ್ಬರೂ ಒಟ್ಟಿಗೆ ಸಿಗುವ ಅಧ್ಯಾಯಗಳಲ್ಲೇ ವಿವರ ಬೇರೆಯಾಗುವುದುಂಟು, ಮಾರಿ ಕತ್ತರಿಸಿ ಚಿಕ್ಕದು ಮಾಡುವವನು.

ಒಳಗೆ ನಿಜಕ್ಕೂ ಏನೇನಿದೆ?

ಒಂದು ಅಧ್ಯಾಯ ಹತ್ತಿರದಿಂದ ನೋಡೋಣ, ಮೊದಲ ಭಾಗದ ಆರಂಭದ್ದೇ. ಅರ್ದಶೀರನ ಮಗ ಶಾಪೂರ್ ತನ್ನ ಆಳ್ವಿಕೆಯ 11ನೇ ವರ್ಷ ರೂಮ್ (ರೋಮನ್) ದೇಶಕ್ಕೆ ನುಗ್ಗಿದ, ಊರುಗಳನ್ನು ಹಾಳುಮಾಡಿದ, ಚಕ್ರವರ್ತಿ ವಲೇರಿಯನ್‌ನನ್ನು ಸೆರೆಹಿಡಿದು ತಂದ ಎಂದು ಶುರು. ಸೆರೆಯವರನ್ನು ಇರಾಕ್, ಅಹ್ವಾಜ್, ಪಾರಸ ಸೀಮೆಗಳಲ್ಲಿ ನೆಲೆಗೊಳಿಸಿದ; ಉಳಲು ಹೊಲ, ಇರಲು ಮನೆ ಕೊಟ್ಟ. ಸಿರಿಯಾಕಿನಲ್ಲಿ ಬೇತ್ ಲಾಪಾತ್ ಎನ್ನುವ ಜುಂದಿಶಾಪೂರ ಅಂಥ ಊರುಗಳಲ್ಲೊಂದು. ಸೆರೆಯಾಗಿ ಬಂದವರಲ್ಲಿ ಅಂತಿಯೋಕ್ಯದ ಪಾದ್ರಿಗಳೂ ಬಿಷಪ್ಪನೂ ಇದ್ದುದರಿಂದ ಪರ್ಷಿಯಾದಲ್ಲಿ ಕ್ರೈಸ್ತರು ಹೆಚ್ಚಿದರು. ಪಾರಸದ ಮಹಾಬಿಷಪ್ಪನ ಊರಿನಲ್ಲಿ ಎರಡು ಚರ್ಚುಗಳಾದವು, ಒಂದು 'ರೋಮನರದು', ಇನ್ನೊಂದು 'ಕರ್ಮಾನಿಯರದು'. ಪ್ರಾರ್ಥನೆ ಗ್ರೀಕಿನಲ್ಲೂ ಸಿರಿಯಾಕಿನಲ್ಲೂ ನಡೆಯುತ್ತಿತ್ತು.

ಕೊನೆಯ ವಾಕ್ಯ ಬಂಗಾರ. ಯುದ್ಧದ ಸುದ್ದಿ ಬೇರೆ ಕಡೆಯೂ ಸಿಗುತ್ತದೆ. ಒಂದೇ ಊರಿನಲ್ಲಿ ಎರಡು ಸಮುದಾಯ, ಎರಡು ಚರ್ಚು, ಎರಡು ಭಾಷೆ ಎಂಬ ವಿವರ ಸ್ಥಳೀಯ ನೆನಪಿನಿಂದಲ್ಲದೆ ಬರುವುದು ಕಷ್ಟ.

ಮುಂದೆ: ಎರಡನೇ ಶಾಪೂರನ ಕಾಲದ ಹಿಂಸೆ, ದುಪ್ಪಟ್ಟು ತೆರಿಗೆ ವಸೂಲಿ ಮಾಡಿಕೊಡಲು ಒಪ್ಪದೆ ಸತ್ತ ಧರ್ಮಾಧ್ಯಕ್ಷ ಸಿಮ್ಯೋನ್ ಬರ್ ಸಬ್ಬಾಯೆ, ಅರಸ ಮೊದಲನೇ ಯಜ್ದಗಿರ್ದ್ ಮತ್ತು ಮೈಫರ್ಕತ್‌ನ ಬಿಷಪ್ ಮಾರೂಥಾ, ನಿಸಿಬಿಸ್ ಪಾಠಶಾಲೆ ಮತ್ತು ಅದರ ಗುರು ನರ್ಸಾಯ್, ಧರ್ಮಾಧ್ಯಕ್ಷ ಮಾರ್ ಅಬಾ, ಇಜ್ಲಾ ಬೆಟ್ಟದಲ್ಲಿ ಮಹಾಮಠ ಕಟ್ಟಿದ ಕಷ್ಕರದ ಅಬ್ರಾಹಾಂ, ಅರಸ ಎರಡನೇ ಖುಸ್ರೋ. ಕೊನೆಯ ಭಾಗದಲ್ಲಿ ಒಂದು ಜಗಳದ ಪತ್ರವ್ಯವಹಾರ ಇದೆ, ಬಿಡಬೇಡಿ. 630ರಲ್ಲಿ ರಾಣಿ ಬೋರಾನ್ ಧರ್ಮಾಧ್ಯಕ್ಷ ಎರಡನೇ ಈಶೋಯಾಬನನ್ನು ಚಕ್ರವರ್ತಿ ಹೆರಾಕ್ಲಿಯಸ್ ಬಳಿ ಸಂಧಾನಕ್ಕೆ ಕಳಿಸುತ್ತಾಳೆ. ಆತ ರೋಮನರೊಂದಿಗೆ ಪ್ರಸಾದ ಹಂಚಿಕೊಂಡು ಬರುತ್ತಾನೆ. 'ಪೂಜೆಯಲ್ಲಿ ನಮ್ಮ ಆಚಾರ್ಯರಾದ ದಿಯೊಡೋರ್, ಥಿಯೊಡೋರ್, ನೆಸ್ಟೋರಿಯಸ್ಸರ ಹೆಸರು ಹೇಳದೆ ಬಿಟ್ಟೆಯಲ್ಲ' ಎಂದು ಶೂಷ್‌ನ ಬಿಷಪ್ ಬರ್ಸೌಮಾ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ.

ಎಷ್ಟರಮಟ್ಟಿಗೆ ನಂಬಬಹುದು?

ಇಡೀ ಪುಸ್ತಕಕ್ಕೆ ಒಂದೇ ಅಂಕ ಕೊಡುವುದು ಸಾಧ್ಯವಿಲ್ಲ. ಮೇಲಿನ ಶಾಪೂರ್ ಅಧ್ಯಾಯವನ್ನೇ ಒರೆಗೆ ಹಚ್ಚಿ.

'11ನೇ ವರ್ಷ' ಎಂದರೆ 250ರ ದಶಕದ ಮೊದಲ ವರ್ಷಗಳು. ವಲೇರಿಯನ್ ಸೆರೆಯಾದದ್ದು 260ರಲ್ಲಿ. ಎಲ್ಲಿ ಎಡವಿತು? ಶಾಪೂರ್ ಒಂದಕ್ಕಿಂತ ಹೆಚ್ಚು ಸಲ ದಂಡೆತ್ತಿ ಹೋದ; ಅಂತಿಯೋಕ್ಯಕ್ಕೆ ನುಗ್ಗಿದ ದಂಡಯಾತ್ರೆ ಮೊದಲಿನದು, ಚಕ್ರವರ್ತಿಯನ್ನು ಹಿಡಿದದ್ದು ಆಮೇಲಿನದು. ಆಕರದಲ್ಲೋ ಸಂಕಲನದಲ್ಲೋ ಎರಡೂ ಮಡಿಚಿಕೊಂಡು ಒಂದಾಗಿವೆ. ಅಂತಿಯೋಕ್ಯದ ಬಿಷಪ್ ದಿಮಿತ್ರಿಯಾನೋಸ್ ಸೆರೆಯಾಗಿ ಬಂದ ಎಂಬ ಮಾತಿಗೂ ಎದುರು ಸಾಕ್ಷಿ ಇದೆ: ಅವನು ಸತ್ತ ಮೇಲೆ ಸಮೋಸಾಟದ ಪೌಲ ಪೀಠಕ್ಕೆ ಬಂದ ಎಂದಷ್ಟೇ 4ನೇ ಶತಮಾನದ ಚರ್ಚ್ ಚರಿತ್ರಕಾರ ಯೂಸೆಬಿಯಸ್ ಬರೆಯುತ್ತಾನೆ, ಸೆರೆಯ ಸುದ್ದಿಯೇ ಇಲ್ಲ. ಆದರೆ ಸೆರೆಯವರನ್ನು ಪಾರಸ, ಖುಜಿಸ್ತಾನ, ಅಸೂರಿಸ್ತಾನಗಳಲ್ಲಿ ನೆಲೆಗೊಳಿಸಿದ ವಿಷಯ ಶಾಪೂರನೇ ನಖ್ಷ್-ಎ-ರುಸ್ತಮ್‌ನ ಕಲ್ಲಿನ ಗೋಪುರದ ಗೋಡೆಗಳ ಮೇಲೆ ಕೆತ್ತಿಸಿದ ಶಾಸನದಲ್ಲಿದೆ. ಒಂದೇ ಪುಟ, ಇಸವಿ ತಪ್ಪು, ಬಿಷಪ್ಪನ ಕಥೆ ಅನುಮಾನ, ಜನರ ಸ್ಥಳಾಂತರ ಗಟ್ಟಿ.

ರೂಢಿಯಲ್ಲಿ ಹೇಳುವುದಾದರೆ ಮಠಗಳ ಸ್ಥಾಪನೆ, ಊರುಗಳ ಹೆಸರು, 6–7ನೇ ಶತಮಾನದ ಧರ್ಮಾಧ್ಯಕ್ಷರ ಆಯ್ಕೆಯ ತಂಟೆ ಇವು ಬಲವಾದವು. 3–4ನೇ ಶತಮಾನದ ಸಂವಾದಗಳು, ಪವಾಡಗಳು, ಅರಸ ಗುಟ್ಟಾಗಿ ಕ್ರೈಸ್ತನಾದ ಎಂಬಂಥ ಕಥೆಗಳು ದುರ್ಬಲ. ಯಾರಾದರೂ ಅರಸ ಬಿಷಪ್ಪನನ್ನು ಮೆಚ್ಚಿ ಸವಲತ್ತು ಕೊಟ್ಟ ಎಂದು ಬಂದಾಗ, ಖಲೀಫರ ಆಸ್ಥಾನದಲ್ಲಿ ಅಂಥ ಸವಲತ್ತು ಬೇಕಾಗಿದ್ದ ಓದುಗರು ಇದ್ದರು ಎಂಬುದನ್ನು ನೆನಪಿನಲ್ಲಿಡಿ.

ಇಸವಿ ಲೆಕ್ಕ ಹಾಕುವುದು ಹೇಗೆ? ಯಾವಾಗಲೂ ಒಂದು ವರ್ಷ ಆಚೀಚೆ ಆಗುತ್ತದೆ.

ಆಗಲೇಬೇಕು. ಇಲ್ಲಿ ಮೂರು ಬಗೆಯ ಗಣನೆ ಬರುತ್ತದೆ.

ಮೊದಲನೆಯದು ಸೆಲ್ಯೂಕಸ್ ಶಕ. 'ಗ್ರೀಕರ ವರ್ಷ' ಅಥವಾ 'ಅಲೆಕ್ಸಾಂಡರನ ವರ್ಷ' ಎಂದು ಬರೆದಿರುತ್ತದೆ. ಸಿರಿಯಾಕ್ ಲೆಕ್ಕದಲ್ಲಿ ಅದು ಕ್ರಿ.ಪೂ. 312ರ ಅಕ್ಟೋಬರ್ 1ಕ್ಕೆ ಶುರು. ನಮ್ಮ ಶಾಸನಗಳ ಶಕವರ್ಷಕ್ಕೆ 78 ಕೂಡಿಸಿ ಅಭ್ಯಾಸ ಇದ್ದವರಿಗೆ ಇದು ಸುಲಭ; ಇಲ್ಲಿ ಕೂಡಿಸುವ ಬದಲು ಕಳೆಯಬೇಕು. ಘಟನೆ ಜನವರಿಯಿಂದ ಸೆಪ್ಟೆಂಬರ್ ಒಳಗಿದ್ದರೆ 311, ಅಕ್ಟೋಬರ್‌ನಿಂದ ಡಿಸೆಂಬರ್ ಆದರೆ 312. ಉದಾಹರಣೆಗೆ ಸೆಲ್ಯೂಕಸ್ 721ರ ಫೆಬ್ರವರಿ: 721 − 311 = 410, ಧರ್ಮಾಧ್ಯಕ್ಷ ಇಸಾಕ್ ಕರೆದ ಧರ್ಮಸಭೆ. ತಿಂಗಳು ಗೊತ್ತಿಲ್ಲದಿದ್ದರೆ '409/410' ಎಂದು ಓರೆಗೆರೆ ಹಾಕಿ ಬರೆಯಿರಿ. ಒಂದನ್ನೇ ಆರಿಸಿಕೊಂಡು ಬರೆದರೆ ನಿಮ್ಮ ತಪ್ಪು ಮುಂದಿನವರ ಆಧಾರವಾಗುತ್ತದೆ.

ಎರಡನೆಯದು ಅರಸನ ಆಳ್ವಿಕೆಯ ವರ್ಷ. ಹೆಚ್ಚು ಕಾಡುವುದು ಇದೇ. ಸಾಸಾನಿ ವರ್ಷಕ್ಕೆ 365 ದಿನ, ಅಧಿಕ ದಿನ ಇಲ್ಲ. ಹಾಗಾಗಿ ಹೊಸವರ್ಷ ನಾಲ್ಕು ವರ್ಷಕ್ಕೊಂದು ದಿನದಂತೆ ಹಿಂದಕ್ಕೆ ಸರಿಯುತ್ತದೆ. 632ರಲ್ಲಿ ಅದು ಜೂನ್ 16ಕ್ಕೆ ಬಿತ್ತು. ಅರಸ ಪಟ್ಟಕ್ಕೆ ಬಂದ ದಿನದಿಂದಲ್ಲ, ಅದರ ಹಿಂದಿನ ಹೊಸವರ್ಷದಿಂದಲೇ ಅವನ ಮೊದಲ ವರ್ಷ ಎಣಿಸುತ್ತಿದ್ದರು. ಸಿರಿಯಾಕ್ ಬರಹಗಾರ ಅದನ್ನೇ ಅಕ್ಟೋಬರ್‌ನಿಂದ ಎಣಿಸಿಕೊಂಡಿದ್ದರೆ ಒಂದು ವರ್ಷ ಜಾರಿತು ಎಂದೇ ಅರ್ಥ. ಸಿಮ್ಯೋನ್ ಬರ್ ಸಬ್ಬಾಯೆ ಸತ್ತದ್ದು 341ರಲ್ಲೋ 344ರಲ್ಲೋ ಎಂಬ ವಾದ ಇನ್ನೂ ನಿಲ್ಲದಿರುವುದು ಇಂಥ ಲೆಕ್ಕಗಳಿಂದಲೇ.

ಮೂರನೆಯದು ಹಿಜರಿ, ಚಾಂದ್ರಮಾನ. ವರ್ಷವನ್ನು 0.970224ರಿಂದ ಗುಣಿಸಿ 621.577 ಕೂಡಿಸಿ. ಹಿಜರಿ 265ಕ್ಕೆ: 257.109 + 621.577 = 878.686. ದಶಾಂಶದ ಭಾಗ ಆ ಹಿಜರಿ ವರ್ಷ ಎಲ್ಲಿ ಶುರುವಾಯಿತೆಂದು ಹೇಳುತ್ತದೆ, ಇಲ್ಲಿ 878ರ ಸೆಪ್ಟೆಂಬರ್ ಮೊದಲ ದಿನಗಳು. ಮುಗಿಯುವುದು 879ರ ಆಗಸ್ಟಿನಲ್ಲಿ. ಬರಿಯ 622 ಕೂಡಿಸಿದರೆ 887 ಬರುತ್ತದೆ, ಎಂಟು ವರ್ಷ ತಪ್ಪು.

ತಾಳೆ ನೋಡಲು ನಿಸಿಬಿಸ್‌ನ ಎಲಿಯಾಸ್ 1019ರಲ್ಲಿ ಬರೆದ ಕಾಲಗಣನೆಯ ಗ್ರಂಥಕ್ಕಿಂತ ಒಳ್ಳೆಯದಿಲ್ಲ. ಒಂದು ಕಂಬದಲ್ಲಿ ಸಿರಿಯಾಕ್, ಪಕ್ಕದಲ್ಲಿ ಅರಬ್ಬಿ, ಪ್ರತಿ ನಮೂದಿಗೂ ಆಕರದ ಹೆಸರು. ಇಂಥ ಶಿಸ್ತು ನಮ್ಮ ಸಂಕಲನಕಾರನಿಗೆ ಸ್ವಲ್ಪ ಇದ್ದಿದ್ದರೆ ಅರ್ಧ ತಲೆನೋವು ಇರುತ್ತಿರಲಿಲ್ಲ.

ಒಬ್ಬನೇ ವ್ಯಕ್ತಿಯ ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಏಕೆ ಬದಲಾಗುತ್ತದೆ?

ಚುಕ್ಕೆಗಳ ಕಾಟ. ಅರಬ್ಬಿಯಲ್ಲಿ ಬ, ತ, ಥ, ನ, ಯ ಈ ಐದೂ ಪದದ ನಡುವೆ ಬಂದಾಗ ಒಂದೇ ಹಲ್ಲಿನಂತೆ ಕಾಣುತ್ತವೆ, ಬೇರೆ ಮಾಡುವುದು ಮೇಲೆ ಕೆಳಗಿನ ಚುಕ್ಕೆ ಮಾತ್ರ. ಲಿಪಿಕಾರ ಚುಕ್ಕೆ ಬಿಟ್ಟರೆ ಓದುವವನು ಸಂದರ್ಭ ನೋಡಿ ಊಹಿಸಬೇಕು. ನಮ್ಮ ಹಳಗನ್ನಡ ಶಾಸನಗಳಲ್ಲಿ 'ಎ'ಗೂ 'ಏ'ಗೂ, 'ಒ'ಗೂ 'ಓ'ಗೂ ಬೇರೆ ಗುರುತಿಲ್ಲದೆ ಅರ್ಥ ನೋಡಿ ಓದುವ ಹಾಗೆ. ಮಾತಾಡುವ ಭಾಷೆಯ ಪದಕ್ಕಾದರೆ ಅರ್ಥ ಕೈಹಿಡಿಯುತ್ತದೆ. ಪರದೇಶದ ಹೆಸರಿಗೆ ಅರ್ಥವೆಲ್ಲಿ?

ನಜ್ರಾನ್‌ಗೆ ಕ್ರೈಸ್ತ ಧರ್ಮ ತಂದ ವರ್ತಕನ ಅಧ್ಯಾಯ ಇದಕ್ಕೆ ಚೆನ್ನಾದ ಉದಾಹರಣೆ. ಮೊದಲನೇ ಯಜ್ದಗಿರ್ದನ ಕಾಲದಲ್ಲಿ ಆತ ವ್ಯಾಪಾರಕ್ಕೆ ಕಾನ್‌ಸ್ಟಾಂಟಿನೋಪಲ್‌ಗೂ ಪರ್ಷಿಯಾಕ್ಕೂ ಹೋಗುತ್ತಾನೆ, ಹೀರಾದಲ್ಲಿ ದೀಕ್ಷೆ ಪಡೆಯುತ್ತಾನೆ, ಊರಿಗೆ ಮರಳಿ ಮನೆಯವರನ್ನು ತನ್ನ ದಾರಿಗೆ ತರುತ್ತಾನೆ. ಅವನ ಹೆಸರು ಕೆಲವು ಪುಸ್ತಕಗಳಲ್ಲಿ ಹನ್ನಾನ್, ಕೆಲವದರಲ್ಲಿ ಹಯ್ಯಾನ್. ಚುಕ್ಕೆ ತೆಗೆದರೆ ಎರಡೂ ಒಂದೇ ಗೀಟು. ಇಬ್ಬರು ವರ್ತಕರು ಎಂದು ತಿಳಿದು ಎರಡು ಟಿಪ್ಪಣಿ ಬರೆಯಬೇಡಿ.

ಇದರ ಮೇಲೆ ಫ್ರೆಂಚ್ ಕಾಗುಣಿತ. ಶಕಾರವನ್ನು ಅವರು 'ಸಿ-ಎಚ್' ಎಂದು ಬರೆದದ್ದನ್ನು ಇಂಗ್ಲಿಷ್ ಕಣ್ಣಿನಿಂದ ಓದಿದರೆ ಶಾಪೂರ್ ಚಾಪೂರ್ ಆಗಿಬಿಡುತ್ತಾನೆ. ಟಿಪ್ಪಣಿ ಮಾಡುವಾಗ ಅರಬ್ಬಿ ಅಕ್ಷರದ ರೂಪವನ್ನೇ ಒಂದು ಕಡೆ ಬರೆದಿಟ್ಟುಕೊಳ್ಳುವುದು ಕ್ಷೇಮ.

ಪ್ರವಾದಿ ಮುಹಮ್ಮದರ ಒಪ್ಪಂದಪತ್ರ ಇದರಲ್ಲಿದೆಯಂತೆ, ನಿಜವೇ?

ಇದೆ, ಪೂರ್ತಿ ಪಾಠವೇ ಇದೆ: ನಜ್ರಾನ್‌ನ ಕ್ರೈಸ್ತರಿಗೂ ಎಲ್ಲ ಕ್ರೈಸ್ತರಿಗೂ ಕೊಟ್ಟ ರಕ್ಷಣೆಯ ಪತ್ರ ಎಂದು. ಅದು ಸಿಕ್ಕ ಬಗೆಯನ್ನೂ ಸಂಕಲನಕಾರ ಹೇಳುತ್ತಾನೆ. ಹಿಜರಿ 265ರಲ್ಲಿ ಬಿರ್‌ಮಂತಾ ಎಂಬ ಊರಿನಲ್ಲಿ ಹಬೀಬ್ ಎಂಬ ಸಂನ್ಯಾಸಿಯ ಬಳಿಯ ಕಡತದಿಂದ ನಕಲು ಮಾಡಿದ್ದು. ಹಬೀಬ್ ಸಂನ್ಯಾಸಿಯಾಗುವ ಮೊದಲು ಬಾಗ್ದಾದಿನ ಬೈತ್ ಅಲ್-ಹಿಕ್ಮಾದಲ್ಲಿ (ಖಲೀಫರ ಗ್ರಂಥಾಲಯ) ಪುಸ್ತಕ ಕಾಯುವವನಾಗಿದ್ದನಂತೆ. ಮೂಲ ಇದ್ದದ್ದು ಹಳದಿಗಟ್ಟಿದ ಎತ್ತಿನ ತೊಗಲಿನ ಮೇಲೆ, ಪ್ರವಾದಿಯ ಮುದ್ರೆಯೊಂದಿಗೆ.

ಇಷ್ಟು ಸಾಕ್ಷಿ ಒಟ್ಟಿಗೆ ಜೋಡಿಸಿದ್ದೇ ಅನುಮಾನಕ್ಕೆ ಕಾರಣ. ನಜ್ರಾನಿನವರೊಂದಿಗೆ ಒಂದು ಒಪ್ಪಂದವಾಯಿತು ಎಂದು ಮುಸ್ಲಿಂ ಚರಿತ್ರಕಾರರೂ ಬರೆಯುತ್ತಾರೆ, ಆದರೆ ಅವರ ಪಾಠ ಚಿಕ್ಕದು, ವರ್ಷಕ್ಕೆ ಇಷ್ಟು ಬಟ್ಟೆಯ ಕಪ್ಪ ಎಂಬಂಥ ನಿರ್ದಿಷ್ಟ ಷರತ್ತುಗಳದ್ದು. ಇಲ್ಲಿರುವ ಉದ್ದನೆಯ ಉದಾರ ಪತ್ರವನ್ನು ಹೆಚ್ಚಿನ ವಿದ್ವಾಂಸರು ಮುಂದಿನ ಕಾಲದ ಕ್ರೈಸ್ತರ ರಚನೆ ಎಂದೇ ನೋಡುತ್ತಾರೆ. 7ನೇ ಶತಮಾನಕ್ಕೆ ಇದನ್ನು ಸಾಕ್ಷಿಯಾಗಿ ಎಳೆಯಬೇಡಿ. 9ನೇ ಶತಮಾನದ ಇರಾಕಿನ ಕ್ರೈಸ್ತರಿಗೆ ಯಾವ ಭರವಸೆಗಳು ಬೇಕಾಗಿದ್ದವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದೂ ಕಷ್ಟ.

ಭಾರತದ ಪ್ರಸ್ತಾಪ ಇದೆಯೇ? ಕರ್ನಾಟಕದ್ದು?

ಭಾರತದ್ದು ಇದೆ, ಚುಟುಕಾಗಿ. ಬಸ್ರಾದ ಬಿಷಪ್ ದೂದಿ (ದಾವೀದ್) ಪೀಠ ಬಿಟ್ಟು ಹಿಂದ್ ದೇಶಕ್ಕೆ ಹೋಗಿ ಅನೇಕರಿಗೆ ಧರ್ಮ ಬೋಧಿಸಿದ ಎಂದು. ಕಾಲ ಸುಮಾರು 300. ಕೇರಳದ ಕ್ರೈಸ್ತರ ಚರಿತ್ರೆ ಬರೆಯುವವರೆಲ್ಲ ಉಲ್ಲೇಖಿಸುವ ವಾಕ್ಯ ಇದು. ಗಮನಿಸಿ, ಬಸ್ರಾ ಹುಟ್ಟಿದ್ದೇ 630ರ ದಶಕದಲ್ಲಿ, ಮುಸ್ಲಿಂ ಸೈನ್ಯದ ಪಾಳೆಯವಾಗಿ. ಆ ಕಾಲದ ಪೀಠದ ಹೆಸರು ಪೆರಾತ್ ದ-ಮೈಷಾನ್. ಅಂದರೆ ಈ ವಾಕ್ಯ ಈಗಿರುವ ರೂಪಕ್ಕೆ ಬಂದದ್ದು ಬಹಳ ತಡವಾಗಿ. ಇನ್ನೊಂದು, ಪಶ್ಚಿಮ ಏಷ್ಯಾದ ಹಳೆಯ ಬರಹಗಳಲ್ಲಿ 'ಇಂಡಿಯಾ' ಎಂದರೆ ಕೆಲವೊಮ್ಮೆ ಯೆಮೆನ್, ಇಥಿಯೋಪಿಯಾ ಕೂಡ.

ಎರಡನೆಯ ಪ್ರಸ್ತಾಪ ಮಅನಾ ಎಂಬ ಬಿಷಪ್ಪನದು: ಪರ್ಷಿಯನ್ ಭಾಷೆಯಲ್ಲಿ ಕೀರ್ತನೆ, ಉಪದೇಶಗಳನ್ನು ರಚಿಸಿದ, ಅನುವಾದಿಸಿದ ಪುಸ್ತಕಗಳನ್ನು ಕಡಲಾಚೆಯ ನಾಡುಗಳಿಗೂ ಭಾರತಕ್ಕೂ ಕಳಿಸಿದ. ಇದೇ ಹೆಸರಿನ ಧರ್ಮಾಧ್ಯಕ್ಷ 420ರ ಸುಮಾರಿಗೆ ಇನ್ನೊಬ್ಬನಿದ್ದ. ಇಬ್ಬರನ್ನು ಬೆರೆಸಿಬಿಡುವುದು ಹಳೆಯ ಪುಸ್ತಕಗಳಲ್ಲಿ ಸಾಮಾನ್ಯ.

ಕರ್ನಾಟಕದ ಮಾತು ಇದರಲ್ಲಿಲ್ಲ. ಅದಕ್ಕೆ 6ನೇ ಶತಮಾನದ ಗ್ರೀಕ್ ವರ್ತಕ ಕಾಸ್ಮಾಸ್‌ನನ್ನು ನೋಡಬೇಕು. ಮೆಣಸಿನ ಬಂದರುಗಳ ಪಟ್ಟಿಯಲ್ಲಿ ಅವನು ಹೇಳುವ 'ಮಂಗರೂಥ್' ಮಂಗಳೂರೆಂದು ಗುರುತಿಸುತ್ತಾರೆ. ಮಲೆ ಸೀಮೆಯಲ್ಲಿ ಕ್ರೈಸ್ತರಿದ್ದಾರೆ, ಕಲ್ಯಾಣದಲ್ಲಿ ಪರ್ಷಿಯಾದಿಂದ ನೇಮಕವಾಗಿ ಬಂದ ಬಿಷಪ್ ಇದ್ದಾನೆ ಎಂದೂ ಬರೆಯುತ್ತಾನೆ. ಆ ಬಿಷಪ್ಪನನ್ನು ಕಳಿಸಿದ್ದು ನಮ್ಮ ವೃತ್ತಾಂತದ ಚರ್ಚೇ. ಇವತ್ತು ಬೆಳ್ತಂಗಡಿ ಧರ್ಮಪ್ರಾಂತದ ಸಿರೋ ಮಲಬಾರ್ ಚರ್ಚುಗಳ ಪೂಜಾವಿಧಿಯೂ ಅದೇ ಪೂರ್ವ ಸಿರಿಯಾಕ್ ಪರಂಪರೆಯಿಂದ ಬಂದದ್ದು.

ಅರಬ್ಬಿ ಬಾರದವರು ಓದುವುದು ಹೇಗೆ?

ಅಚ್ಚಾದ ಪುಸ್ತಕ ನಾಲ್ಕು ಕಂತುಗಳಲ್ಲಿದೆ; ನಾಲ್ಕರ ಸ್ಕ್ಯಾನ್‌ಗಳೂ ಅಂತರ್ಜಾಲದ ಉಚಿತ ಗ್ರಂಥಾಲಯಗಳಲ್ಲಿವೆ. ಅರಬ್ಬಿ ಪಾಠದ ಜೊತೆಗೇ ಶೇರ್ ಅವರ ಫ್ರೆಂಚ್ ಅನುವಾದ ಇರುವುದರಿಂದ ಸಾಲು ಸಾಲಾಗಿ ಹೋಲಿಸಬಹುದು. ಆಂಟನಿ ಆಲ್ಕಾಕ್ ಮಾಡಿದ ಇಂಗ್ಲಿಷ್ ಅನುವಾದವೂ ಉಚಿತವಾಗಿ ಸಿಗುತ್ತದೆ. ಓದಿಕೊಂಡು ಹೋಗಲು ಅದು ಸಾಕು, ಉಲ್ಲೇಖಕ್ಕೆ ಮಾತ್ರ ಶೇರ್ ಪುಟವನ್ನೇ ಕೊಡಿ.

ಮೊದಲ ಪುಟದಿಂದ ಶುರುಮಾಡಿದರೆ ಇಪ್ಪತ್ತನೇ ಪುಟಕ್ಕೆ ಬಿಟ್ಟುಬಿಡುತ್ತೀರಿ. ಎರಡನೆಯ ಭಾಗದ ಕೊನೆಯಿಂದ, ಎರಡನೇ ಖುಸ್ರೋನ ಅಧ್ಯಾಯಗಳಿಂದ ಹಿಡಿಯಿರಿ. ಕಥೆಗೆ ಓಟ ಇದೆ, ಮುಸ್ಲಿಂ ಚರಿತ್ರಕಾರ ತಬರಿಯ ಚರಿತ್ರೆಯ ಜೊತೆ ಹೋಲಿಸಬಹುದು. ಆಮೇಲೆ ಮೊದಲ ಭಾಗಕ್ಕೆ ಹೋಗಿ. ಪಕ್ಕದಲ್ಲಿ ಇಟ್ಟುಕೊಳ್ಳಲು ಒಂದೇ ಆಧುನಿಕ ಪುಸ್ತಕ ಸಾಕೆಂದರೆ ಫಿಲಿಪ್ ವುಡ್ 2013ರಲ್ಲಿ ಇದರ ಮೇಲೆಯೇ ಬರೆದದ್ದು. ಯಾವ ಪದರ ಯಾವ ಕಾಲದ್ದು ಎಂದು ಬಿಡಿಸುವುದೇ ಅದರ ಕೆಲಸ.

ಇದೇ ಬಗೆಯ ಬೇರೆ ಅರಬ್ಬಿ ಕ್ರೈಸ್ತ ಚರಿತ್ರೆಗಳು?

ಹಲವು. ಅಲೆಕ್ಸಾಂಡ್ರಿಯದ ಪಿತೃಪತಿ ಯೂಟಿಕಿಯಸ್, ಅಂದರೆ ಸಈದ್ ಇಬ್ನ್ ಬತ್ರೀಕ್ (ಮರಣ 940). ಮನ್ಬಿಜ್‌ನ ಅಗಾಪಿಯಸ್, ಸುಮಾರು 942. ಯೂಟಿಕಿಯಸ್ ನಿಲ್ಲಿಸಿದಲ್ಲಿಂದ ಮುಂದುವರಿಸಿದ ಅಂತಿಯೋಕ್ಯದ ಯಹ್ಯಾ. ಇವರು ಮೂವರೂ ಖಾಲ್ಸಿಡನ್ ಸಭೆಯ ನಿರ್ಣಯ ಒಪ್ಪಿದ ಮೆಲ್ಕೈಟ್ ಪಂಥದವರು. ಸೃಷ್ಟಿಯಿಂದಲೋ ರೋಮಿನಿಂದಲೋ ನೋಡುವ ಅವರ ಚರಿತ್ರೆಯಲ್ಲಿ ಪರ್ಷಿಯಾದ ಮಠದೊಳಗಿನ ವಿವರ ಹುಡುಕಬೇಡಿ.

ಉಲ್ಲೇಖ ಕೊಡುವಾಗ ಪುಟಸಂಖ್ಯೆ ಯಾವುದು? ಪ್ರತಿ ಪುಟಕ್ಕೂ ಎರಡೆರಡು ಇವೆ.

ಮಾಲೆಯ ಸಂಪುಟದ ಪುಟ ಒಂದು, ಆ ಕಂತಿನ ಪುಟ ಇನ್ನೊಂದು. ಎರಡನೆಯದು ಚೌಕ ಆವರಣದೊಳಗಿರುತ್ತದೆ. ಸಂಪುಟದ್ದನ್ನೇ ಕೊಡಿ. ಮೊದಲ ಭಾಗದ ಮೊದಲ ಕಂತು ಸಂಪುಟ 4ರಲ್ಲಿ (1908), ಎರಡನೆಯದು ಸಂಪುಟ 5ರಲ್ಲಿ (1910). ಎರಡನೇ ಭಾಗದ ಮೊದಲ ಕಂತು ಸಂಪುಟ 7ರಲ್ಲಿ (1911), ಕೊನೆಯದು ಸಂಪುಟ 13ರಲ್ಲಿ (1918–19). ಕೆಲವರು ಭಾಗ ಮತ್ತು ಅಧ್ಯಾಯ ಮಾತ್ರ ಬರೆಯುತ್ತಾರೆ, ಅದೂ ನಡೆಯುತ್ತದೆ. ಕೆಡುವುದು ಎಲ್ಲಿ ಎಂದರೆ, ಒಬ್ಬರು ಆವರಣದ ಸಂಖ್ಯೆಯನ್ನು ಆವರಣವಿಲ್ಲದೆ ಬರೆದಾಗ. ಸಂಪುಟ 4ರ ಉಲ್ಲೇಖದಲ್ಲಿ ಪುಟ 200ಕ್ಕಿಂತ ಕಡಿಮೆ ಕಂಡರೆ ಅದು ಆವರಣದ ಸಂಖ್ಯೆ ಎಂದು ತಿಳಿಯಿರಿ: ಆ ಸಂಪುಟದಲ್ಲಿ ನಮ್ಮ ಪಠ್ಯ ಶುರುವಾಗುವುದೇ 215ರ ಆಸುಪಾಸಿನಲ್ಲಿ.